ಸಿಗಾರ್ ಸಾಹೇಬರ ಮಾಳಿಗೆ

ಪಕ್ಕದ ಮನೆಯನ್ನು ಕೊಂಡಿರುವ ಹೊಸಬರು ಹೋದ ವಾರ ನನ್ನನ್ನು ಕರೆದು ತಮ್ಮ ಬಯಲು ಮಾಳಿಗೆ ಹತ್ತಿಸಿದರು. ನನ್ನ ಮೊಣಕಾಲಿನ ಅವಸ್ಥೆ ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಹತ್ತಿಸುತ್ತಿದ್ದರೋ ಏನೋ, ಅಷ್ಟು ತಲೆ ಕೆಡಿಸಿಕೊಂಡಿದ್ದರು.

“ಟೀಚರ್, ಈ ಫರ್ಸಿ ಮ್ಯಾಲ ನೋಡ್ರಿ. ಆ್ಯಸಿಡ್ ಹಾಕಿ ತಿಕ್ಕಿಸೀನಿ, ಸೋಡಾ ಹಾಕಿ ತಿಕ್ಕಿಸೀನಿ. ಈ ಕಲಿ ಹೋಗವಲ್ಲವು. ಏನಿವು?”

ಬೂದು ಬಣ್ಣದ ಶಹಾಬಾದ್ ಕಲ್ಲಿನ ಮೇಲೆ ಬೆರಳುದ್ದದ ಕಂದು ಗೆರೆಗಳು, ಒಂದರ ಪಕ್ಕ ಒಂದು, ಈ ಗೋಡೆಯಿಂದ ಆ ಗೋಡೆಯವರೆಗೆ. ನೋಡಿದ ಕೂಡಲೇ ನನಗೆ ನಗು ಬಂತು. ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತ ನಿಂತ. “ಇದು ಕುಂತು ಹೇಳೋ ಮಾತು ರೀ” ಎಂದೆ. ಅವನಿಗೆ ಕೂರಲು ಪುರುಸೊತ್ತಿರಲಿಲ್ಲ, ಬಣ್ಣ ಹಚ್ಚುವವರು ಕೆಳಗೆ ಕಾಯುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಬಹಳ ವರ್ಷ ಇದ್ದವರು ಒಂದು ತಂಬಾಕು ಕಂಪನಿಯ ಸಿಗಾರ್ ವಿಭಾಗದ ಜನರಲ್ ಮ್ಯಾನೇಜರ್. ಓಣಿಗೆಲ್ಲ ಅವರು ಸಿಗಾರ್ ಸಾಹೇಬರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಗೇಟಿಗೆ ಹೆಸರಿನ ಫಲಕ ಹಾಕಿಸದ ಮನುಷ್ಯ, ಹೋದ ಮೇಲೆ ನಾನ್ಯಾಕೆ ಹಾಕಲಿ. ಹೋದ ವರ್ಷ ಒಂದು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಎಲ್ಲರೂ ಅತ್ತರು, ನಾನೂ ಅತ್ತೆ. ಈಗ ಅವರು ನೆನಪಾದರೆ ಅಳು ಬರುವುದಿಲ್ಲ, ಎದೆ ಹಗುರಾಗುತ್ತದೆ. ಸತ್ತವರನ್ನು ನೆನೆದು ಅಳಲೇಬೇಕೆಂದು ಯಾವ ಕಾನೂನಿದೆ?

ಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಪಕ್ಕಕ್ಕೆ ತಂಬಾಕಿನ ಕಂಪನಿಯವರು ಬರುತ್ತಾರಂತೆ ಎಂದು ಕೇಳಿದ ದಿನವೇ ಆ ಕಡೆಯ ಕಿಟಕಿ ಮುಚ್ಚಿಸಿದ್ದೆ. ಶಾಲೆಯಲ್ಲಿ ಹುಡುಗರ ಕಿಸೆಯಿಂದ ಗುಟ್ಕಾ ಚೀಟಿ ಹೆಕ್ಕಿ ಹೆಕ್ಕಿ ಸಾಕಾಗಿದ್ದವಳು ನಾನು. ಅವರು ಬಂದು ವಾರವಾದರೂ ಹೊಗೆ ಬರಲಿಲ್ಲ, ತಿಂಗಳಾದರೂ ಬರಲಿಲ್ಲ. ಕೊನೆಗೆ ನಾನೇ ಗೋಡೆಯ ಮೇಲಿಂದ ಕೇಳಿದೆ.

“ಏನ್ರಿ ಸಾಹೇಬ್ರ, ನೀವು ಸೇದಲ್ಲೇನು?”

“ಆಫೀಸಿನಾಗ ಸೇದತೀನ್ರಿ ಟೀಚರ್, ಮಾಲು ಪರೀಕ್ಷಾ ಮಾಡ್ಲಿಕ್ಕೆ. ಎರಡು ಜುರುಕಿ ಎಳದು ಆರಸ್ತೀನಿ. ಮನ್ಯಾಗ ಇಲ್ಲ.”

“ಮತ್ತ ಮಂದೀಗಿ ಮಾರತೀರಲ್ಲ, ಪಾಪ ಅನಸಲ್ಲ?”

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ನಿಂತಲ್ಲೇ ಸ್ವಲ್ಪ ಯೋಚನೆ ಮಾಡಿ, “ನೀವು ಅನ್ನೋದು ಖರೆ ಅದ. ನಾ ಮಾರೋದು ಒಳ್ಳೆ ಸಾಮಾನಲ್ಲ. ಅದಕ್ಕ ನಾ ಎಂದೂ ಯಾರಿಗೂ ಸೇದ್ರಿ ಅಂದಿಲ್ಲ. ಸೇದೋರಿಗಿ ಮೋಸದ ಮಾಲು ಕೊಟ್ಟಿಲ್ಲ, ಅಷ್ಟೇ ನಾ ಹೇಳಬಹುದು ನೋಡ್ರಿ” ಎಂದರು. ವಾದ ಮಾಡಲು ಸೆರಗು ಬಿಗಿದುಕೊಂಡು ಬಂದಿದ್ದ ನಾನು ಚಹಾ ಕುಡಿಯಲು ಬನ್ನಿ ಎಂದು ಕರೆದು ಬಂದೆ.

ಅವರು ಹುಟ್ಟಿದ್ದು ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ. ಹೈದರಾಬಾದಿನಲ್ಲಿ ಗುಮಾಸ್ತರಾಗಿ ಸೇರಿ ಆ ಕಂಪನಿಯ ಸಿಗಾರ್ ವಿಭಾಗಕ್ಕೇ ದೊಡ್ಡವರಾಗಿದ್ದರು. ಮಾಲು ಇಡುವ ಗೋದಾಮು ಶಹಾಬಾದಿನಲ್ಲೇ ಇರಲಿ ಎಂದು ಹಟ ಹಿಡಿದು ಮಾಡಿಸಿದವರೂ ಅವರೇ. ಇಲ್ಲಿಯ ಕಲ್ಲಿನ ನೆಲಮಾಳಿಗೆ ಎಂಥ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ವಾಡಿ ಜಂಕ್ಷನ್ ಹತ್ತಿರವಿದೆ, ಅಲ್ಲಿಂದ ಯಾವ ದಿಕ್ಕಿಗೆ ಬೇಕಾದರೂ ರೈಲು ಸಿಗುತ್ತದೆ ಎಂದು ಮೇಲಿನವರನ್ನು ಒಪ್ಪಿಸಿದ್ದರಂತೆ. ಎಲೆ ಬರುತ್ತಿದ್ದದ್ದು ತೆಲುಗು ಸೀಮೆಯಿಂದ, ಸೇಡಂ ಮೇಲೆ ಹಾದು. ಸೇಡಂ ಪಕ್ಕದ ಕೋಡ್ಲಾದಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಎಲೆಗೆ ಕೂತರೆ ಕೆಲಸ ಕೆಟ್ಟಿತು ಎಂದು ಲಾರಿಗೆ ಎರಡೆರಡು ತಾಡಪಾಲು ಕಟ್ಟಿಸುತ್ತಿದ್ದರು. ಒಮ್ಮೆ ನಂಬಿಕೆ ಬಾರದೆ ತಲೆಗೆ ಟವೆಲ್ ಸುತ್ತಿಕೊಂಡು ತಾವೇ ಲಾರಿಯಲ್ಲಿ ಕೂತು ಬಂದಿದ್ದರು. ಇಳಿದಾಗ ಅವರ ಹೆಂಡತಿಗೇ ಗುರುತು ಸಿಗಲಿಲ್ಲ.

ಅವರ ಒಂದು ಚಟ ಇಡೀ ಓಣಿಗೆ ಗೊತ್ತಿತ್ತು. ಸಿಗಾರ್ ಹದವಾಗಿದೆಯೋ ಇಲ್ಲವೋ ನೋಡಲು ಅದನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಮೆಲ್ಲಗೆ ಒತ್ತುತ್ತಾರಂತೆ. ಚರಚರ ಸದ್ದು ಬಂದರೆ ಒಣಗಿದೆ. ಸದ್ದಿಲ್ಲದೆ ಒಳಗೆ ಹೋಗಿ ಮತ್ತೆ ಮೊದಲಿನಂತೆ ಉಬ್ಬಿದರೆ ಹದವಾಗಿದೆ. ಅದು ಆಫೀಸಿನ ಕೆಲಸ, ಆಫೀಸಿನಲ್ಲಿರಬೇಕಪ್ಪ! ಈ ಮನುಷ್ಯ ಎಲ್ಲವನ್ನೂ ಕಿವಿಗೆ ಹಿಡಿಯುತ್ತಿದ್ದರು. ಸಂತೆಯಲ್ಲಿ ಮೆಣಸಿನಕಾಯಿ, ಹುರಿದ ಸೇಂಗಾ, ಮದುವೆ ಮನೆಯಲ್ಲಿ ಬುಂದಿ ಲಡ್ಡು. ನಮ್ಮ ಮನೆಗೆ ಊಟಕ್ಕೆ ಬಂದಾಗ ನನ್ನ ಖಟಕ್ ರೊಟ್ಟಿಯನ್ನು ಕಿವಿಗೆ ಹಿಡಿದು ಮುರಿದು, “ಟೀಚರ್, ಇದು ಜರಾ ಹೆಚ್ಚಿಗಿ ಒಣಗ್ಯಾದ” ಎಂದರು.

“ರೊಟ್ಟಿ ಬಾಯಿಲೆ ತಿಂತಾರ್ರಿ ಸಾಹೇಬ್ರ, ಕಿವೀಲೆ ಅಲ್ಲ” ಎಂದೆ. ಅವರ ಹೆಂಡತಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹೇಬರೂ ನಕ್ಕರು, ಇನ್ನೊಂದು ರೊಟ್ಟಿ ತೆಗೆದುಕೊಂಡು ಮತ್ತೆ ಕಿವಿಗೇ ಹಿಡಿದರು.

ಮಾಲು ಪರೀಕ್ಷೆ ಮಾಡುವ ದಿನ ಹಸಿ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ, ಬಾಯಿ ರುಚಿ ಕೆಡುತ್ತದೆಂದು. ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ತಿನ್ನುವ ಸಂಕಟ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಫೋನಿನಲ್ಲಿ ಇಂಗ್ಲಿಷ್, ಹಮಾಲರ ಜೊತೆ ಉರ್ದು, ಎಲೆ ವ್ಯಾಪಾರಿಗಳ ಜೊತೆ ತೆಲುಗು. ಕೊಡ್ಲಿಯ ಕನ್ನಡ ಮಾತ್ರ ನಮ್ಮ ಓಣಿಗೆ ಮತ್ತು ಅವ್ವನಿಗೆ ಮೀಸಲು. ಆ ಅವ್ವ ಬಂದ ಮೇಲೆಯೇ ಸಾಹೇಬರು ಎಂಥ ಮನುಷ್ಯ ಎಂದು ನನಗೆ ಗೊತ್ತಾದದ್ದು.

ತಂದೆ ತೀರಿಕೊಂಡ ಮೇಲೆ ಸಾಹೇಬರು ಅವ್ವನನ್ನು ಶಹಾಬಾದಿಗೆ ಕರೆತಂದರು. ಊರಲ್ಲಿ ಒಬ್ಬರೇ ಇದ್ದು ದನದ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದು, ಮರುದಿನ ಹಾಲಿಗೆ ಬಂದವರು ನೋಡುವವರೆಗೂ ಅಲ್ಲೇ ಬಿದ್ದಿದ್ದರಂತೆ. ಕಣ್ಣಿಗೆ ಪೊರೆ ಬೇರೆ. ನಾವೆಲ್ಲ ಅವರನ್ನು ಆಯಿ ಎಂದು ಕರೆಯುತ್ತಿದ್ದೆವು. ಮಗನನ್ನು ಅವರು ಕರೆಯುತ್ತಿದ್ದದ್ದು ತಮ್ಮಾ ಎಂದು. ತೆಳ್ಳನೆ ಮೈ, ಹಣೆತುಂಬ ವಿಭೂತಿ, ಗಟ್ಟಿ ಗಂಟಲು. ಬಂದ ದಿನವೇ ತಮ್ಮ ಬಟ್ಟೆಯ ಗಂಟನ್ನು ಬಾಗಿಲ ಹಿಂದೆ ಇಟ್ಟರು. ಸೊಸೆ ಅದನ್ನು ಬಿಚ್ಚಿ ಕಪಾಟಿನಲ್ಲಿ ಇಡುತ್ತೇನೆಂದರೆ ಬಿಡಲಿಲ್ಲ.

“ಇರಲಿ ಬಿಡವ್ವಾ. ನಾ ಕುಂತು ಉಂಬಾಕಿ ಅಲ್ಲ. ಯಾವಾಗ ಹೋಗತೀನೋ ಏನೋ.”

ಆ ಮನೆಯಲ್ಲಿ ಕೂತು ಉಣ್ಣದೆ ಬೇರೆ ದಾರಿಯೇ ಇರಲಿಲ್ಲ. ಅಡಿಗೆಗೆ ಒಬ್ಬಳು, ಬಟ್ಟೆಗೆ ಒಬ್ಬಳು. ತೊಗರಿಬೇಳೆ ಆರಿಸುತ್ತೇನೆ ಎಂದು ಮೊರ ತೆಗೆದುಕೊಂಡು ಕೂತರೆ ಅದು ಪ್ಯಾಕೆಟ್ಟಿನ ಬೇಳೆ. “ಇದರಾಗ ಆರಸಾಕ ಒಂದು ಹಳ್ಳೂ ಇಲ್ಲಲ್ಲೇ!” ಎಂದು ಆಯಿ ಮೊರವನ್ನು ನೆಲಕ್ಕೆ ಕುಕ್ಕಿದ ಸದ್ದು ನಮ್ಮ ಮನೆಗೆ ಕೇಳಿತ್ತು. ಕರೆದರೆ ಊಟಕ್ಕೆ ಬರುತ್ತಿದ್ದರು, ಎರಡು ತುತ್ತು ತಿಂದು ಏಳುತ್ತಿದ್ದರು. ಹಸಿವು ಎಂದು ಒಂದು ದಿನವೂ ಬಾಯಿ ಬಿಟ್ಟು ಕೇಳಿದವರಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಆಯಿ, ಇಲ್ಯಾಕ ಕುಂತೀರಿ?”

“ಚಿಂಚೋಳಿ ಬಸ್ ಯಾವಾಗ ಬರತದ, ಬೋರ್ಡ್ ಕಾಣವಲ್ಲದು. ನೀ ಜರಾ ನೋಡಿ ಹೇಳು ತಂಗಿ.”

ಬಸ್ ಹೋಯಿತು, ಇನ್ನು ನಾಳೆಯೇ ಎಂದು ಸುಳ್ಳು ಹೇಳಿ ಕೈ ಹಿಡಿದು ಕರೆತಂದೆ. ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆವತ್ತು ಸಂಜೆ ಸಾಹೇಬರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಅಷ್ಟು ದೊಡ್ಡ ಮನುಷ್ಯ ಚಪ್ಪಲಿಯ ಉಂಗುಟ ಹಿಡಿದು ತಿರುವುತ್ತ, “ಅವ್ವ ಹೋದ್ರ ಅಲ್ಲಿ ಒಬ್ಬಾಕಿನೇ ಬಿದ್ದು ಸಾಯತಾಳ್ರಿ ಟೀಚರ್. ಹೋಗಬ್ಯಾಡ ಅಂದ್ರ ಕೇಳಂಗಿಲ್ಲ. ಏನು ಮಾಡಲಿ ಹೇಳ್ರಿ” ಎಂದರು.

ಆ ಏಪ್ರಿಲ್‌ನಲ್ಲಿ ಇನ್ನೊಂದು ತೊಡಕು ಬಂತು. ಗೋದಾಮಿಗೆ ಖರ್ಚು ಹೆಚ್ಚು ಎಂದು ಕಂಪನಿಯಲ್ಲಿ ಗೊಣಗಾಟ ಶುರುವಾಗಿತ್ತು. ಹೊರದೇಶದ ಒಬ್ಬ ಖರೀದಿದಾರ ಬಂದು ಮಾಲು ನೋಡುವುದೆಂದು ಗೊತ್ತಾಯಿತು. ಅವನು ಒಪ್ಪಿದರೆ ಗೋದಾಮು ಉಳಿಯುತ್ತದೆ. ಇಲ್ಲದಿದ್ದರೆ ಬೀಗ, ಸಾಹೇಬರಿಗೆ ಕಲಕತ್ತಾಕ್ಕೆ ವರ್ಗ. ಕಲಕತ್ತಾ ಎಂದರೆ ಆಯಿ ಗಂಟು ಎತ್ತಿಕೊಂಡು ನೇರ ಕೊಡ್ಲಿಗೆ, ಅದರಲ್ಲಿ ಸಂಶಯವೇ ಇರಲಿಲ್ಲ. ನೆಲಮಾಳಿಗೆಯಲ್ಲಿ ಮೂರು ವರ್ಷ ಹದಕ್ಕಿಟ್ಟಿದ್ದ ವಿಶೇಷ ಸಿಗಾರು ಇದ್ದದ್ದೇ ಒಂದು ಪೆಟ್ಟಿಗೆ, ಅದನ್ನು ಸಾಹೇಬರು ಅವನಿಗೆ ತೋರಿಸಲೆಂದು ಮನೆಗೆ ತಂದರು. ಗೋದಾಮಿಗೆ ಆ ವಾರ ಸುಣ್ಣ ಬಳಿಯುತ್ತಿದ್ದರು, ಸುಣ್ಣದ ವಾಸನೆ ಹತ್ತಿದರೆ ಗತಿಯೇನು ಎಂಬ ಭಯ. ಪೆಟ್ಟಿಗೆಯೊಳಗೆ ಒಂದು ಒದ್ದೆ ಸ್ಪಂಜು. ನಮ್ಮ ಬಿಸಿಲಿಗೆ ಸಿಗಾರು ಒಣಗಬಾರದಲ್ಲ, ತೇವ ಇರಬೇಕು. ಮನೆಯಲ್ಲಿ ತಣ್ಣಗಿನ ಜಾಗವೆಂದರೆ ದೇವರ ಕೋಣೆ. ಖರೀದಿದಾರ ಬರುವ ಹಿಂದಿನ ದಿನ ಪೆಟ್ಟಿಗೆಯನ್ನು ಅಲ್ಲಿಟ್ಟು ಕೆಲಸಕ್ಕೆ ಹೋದರು.

ಅವತ್ತು ನನಗೆ ರಜೆ. ಬಟ್ಟೆ ಒಣ ಹಾಕಲು ಮಾಳಿಗೆ ಹತ್ತಿದರೆ ಪಕ್ಕದ ಮಾಳಿಗೆಯ ಮೇಲೆ ಆಯಿ. ನೀರಿನ ಟಾಕಿಯ ನೆರಳಲ್ಲಿ ಕಾಲು ಚಾಚಿ ಕೂತು, ಕಾಗೆ ಓಡಿಸಲು ಒಂದು ಕೋಲು ಹಿಡಿದಿದ್ದಾರೆ. ಮುಂದೆ, ಕಾಲಿಟ್ಟರೆ ಬೊಬ್ಬೆ ಏಳುವಂಥ ಫರ್ಸಿಯ ಮೇಲೆ, ಕಂದು ಬಣ್ಣದ್ದೇನೋ ಸಾಲಾಗಿ ಹರವಿದ್ದಾರೆ.

“ಏನು ಒಣಗಿಸಾಕತ್ತೀರಿ ಆಯಿ?”

“ನಮ್ಮ ತಮ್ಮನ ಸಾಮಾನು. ದೇವರ ಮುಂದ ದೀಪ ಹಚ್ಚಾಕ ಹೋದೆ, ಪೆಟಗಿ ತಗದು ನೋಡ್ತೀನಿ, ಒಳಗ ಎಲ್ಲಾ ಹಸಿ ಹಸಿ! ಯಾರೋ ಪುಣ್ಯಾತ್ಮರು ನೀರಿನ ಸ್ಪಂಜು ಬಿಟ್ಟು ಮುಚ್ಚ್ಯಾರ. ನಾಳಿಗಿ ಬೂಷ್ಟು ಹಿಡೀತಿದ್ವು. ಈ ಮನ್ಯಾಗ ಯಾರಿಗೂ ಲಕ್ಷ್ಯನೇ ಇಲ್ಲ ತಂಗಿ.”

ತೊಗರಿಯಾಗಲಿ ಜೋಳವಾಗಲಿ ಮೆಣಸಿನಕಾಯಿಯಾಗಲಿ, ತೇವ ಕಂಡರೆ ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಹೆಂಗಸರ ಕೈಗೆ ಹತ್ತಿದ ಕೆಲಸ. ನನಗೂ ಅದು ಸರಿಯಾಗಿಯೇ ಕಂಡಿತು. ಅಷ್ಟು ದಿನ ಸಪ್ಪಗಿದ್ದ ಆಯಿಯ ಮುಖದಲ್ಲಿ ಅವತ್ತು ಏನೋ ಗೆಲುವು. ಎದ್ದು ಬಂದು ಒಂದೊಂದನ್ನೇ ಮಗ್ಗಲು ಹೊರಳಿಸುತ್ತಿದ್ದರು.

ಸಂಜೆ ನಾನು ಬಟ್ಟೆ ತೆಗೆಯುವ ಹೊತ್ತಿಗೆ ಸಾಹೇಬರು ಮೆಟ್ಟಿಲು ಹತ್ತಿ ಬಂದರು, ಇನ್ನೂ ಬೂಟು ಬಿಚ್ಚಿರಲಿಲ್ಲ. ಹತ್ತಿದವರು ಹಾಗೇ ನಿಂತರು. ಬಗ್ಗಿ ಒಂದನ್ನು ಎತ್ತಿಕೊಂಡರು, ಕಿವಿಗೆ ಹಿಡಿದು ಒತ್ತಿದರು. ಆ ಚರಚರ ಸದ್ದು ಗೋಡೆಯ ಈಚೆ ನಿಂತ ನನಗೂ ಕೇಳಿಸಿತು. ಮೇಲಿನ ಎಲೆ ಸೀಳಿ ಅವರ ಅಂಗೈಯಲ್ಲಿ ಪುಡಿಯಾಯಿತು. ಅವರ ಮುಖ ನೋಡಿ ನನಗೆ ಎಲ್ಲ ಅರ್ಥವಾಯಿತು.

“ನೋಡು ತಮ್ಮಾ, ಹೆಂಗ ಒಣಗ್ಯಾವ!” ಎಂದರು ಆಯಿ. “ಮುಂಜಾನಿಂದ ಕಾಯಾಕತ್ತೀನಿ. ಒಂದು ಕಾಗಿ ಮುಟ್ಟಿಸಿಲ್ಲ.”

ಸಾಹೇಬರು ಕೈಯಲ್ಲಿದ್ದ ಪುಡಿಯನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ ಅವ್ವನ ಪಕ್ಕ ಆ ಬಿಸಿ ಕಲ್ಲಿನ ಮೇಲೇ ಕೂತರು.

“ಭಾಳ ಚಲೋ ಮಾಡ್ದಿ ಅವ್ವಾ. ನನಗ ನೆನಪೇ ಇರಲಿಲ್ಲ. ನೀ ಇಲ್ಲದಿದ್ರ ಎಲ್ಲಾ ಕೆಟ್ಟು ಹೋಗತಿತ್ತು.”

ಆಯಿ ಕೋಲನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. “ಹಂಗಾದ್ರ ಸೊಸಿಗಿ ತಾಟ ಹಾಕಾಕ ಹೇಳು. ಹಸಿವಿ ಆಗ್ಯಾದ ನನಗ.”

ಆ ಮನೆಗೆ ಬಂದ ಮೇಲೆ ಆಯಿ ಬಾಯಿ ಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಸಾಹೇಬರು ಮುಖ ಆ ಕಡೆ ತಿರುಗಿಸಿಕೊಂಡು ಎದ್ದರು.

ಅವ್ವನನ್ನು ಊಟಕ್ಕೆ ಕೂರಿಸಿ ನಮ್ಮ ಮನೆಗೆ ಬಂದು, ಒಂದು ತಂಬಿಗೆ ನೀರನ್ನು ಗಟಗಟ ಕುಡಿದರು. ನನಗೆ ತಡೆಯಲಾಗಲಿಲ್ಲ, ಬೈದೆ.

“ಹೇಳಬಾರದಿತ್ತೇನ್ರಿ ಸಾಹೇಬ್ರ? ನಿಮ್ಮ ನೌಕರಿ ಗತಿ ಏನು?”

“ಹೇಳಿದ್ರ ಈ ರಾತ್ರಿನೇ ಗಂಟು ಎತ್ತತಾಳ. ಇಷ್ಟು ದಿನಕ್ಕ ಒಂದು ಕೆಲಸ ಮಾಡ್ಯಾಳ, ಅದನ್ನೂ ಕೆಡಿಸಿದಿ ಅಂತ ಹೆಂಗ ಅನ್ನಲಿ?”

“ನಾಳೆ ಆ ಪರದೇಶಿ ಬಂದು ಒಲ್ಲೆ ಅಂದ್ರ ಆಗಲೂ ಗಂಟು ಎತ್ತತಾರಲ್ಲ!”

“ಅದೂ ಖರೆ” ಎಂದರು. ತಂಬಿಗೆಯನ್ನು ಕೈಯಲ್ಲಿ ತಿರುಗಿಸುತ್ತ, “ಆಗ ನಾನೂ ಆಕೀ ಜೋಡಿ ಕೊಡ್ಲಿಗಿ ಹೋಗತೀನಿ ಬಿಡ್ರಿ. ತೊಗರಿ ಒಣಗಿಸಕೋತ ಇರತೀನಿ” ಎಂದು ನಕ್ಕರು. ಆ ನಗು ನೋಡಲು ಆಗಲಿಲ್ಲ ನನಗೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ಆಯಿಯ ಗಂಟಲು ಕೇಳಿತು. ಸೊಸೆಗೆ ಹೇಳುತ್ತಿದ್ದರು: “ದೇವರ ಮಾಡದಾಗ ಮೀಸಲ ತಗದು ಇಟ್ಟೀನಿ. ಅದನ್ನ ಯಾರೂ ಮುಟ್ಟಬ್ಯಾಡ್ರಿ.”

ಸಾಹೇಬರು ತಂಬಿಗೆಯನ್ನು ಅಲ್ಲೇ ಬಿಟ್ಟು ಓಡಿದರು. ಅವರ ಹಿಂದೆ ನಾನೂ ಹೋದೆ, ಮರ್ಯಾದೆ ಗಿರ್ಯಾದೆ ನೋಡದೆ.

ಅವರ ಮನೆತನದ ಪದ್ಧತಿ ಅದು. ಯಾವುದೇ ಹೊಸ ಮಾಲನ್ನು ಬಿಸಿಲಿಗೆ ಹರವುವ ಮೊದಲು ಅದರಲ್ಲಿ ಒಂದು ಹಿಡಿ ತೆಗೆದು ದೇವರ ಮುಂದೆ ಇಡಬೇಕು, ಅದೇ ಮೀಸಲು. ಆಯಿ ಸಿಗಾರಿಗೂ ಬಿಟ್ಟಿರಲಿಲ್ಲ. ದೇವರ ಕೋಣೆಯ ಗೋಡೆಯೊಳಗಿನ ಕಲ್ಲಿನ ಮಾಡದಲ್ಲಿ, ನೀರು ತುಂಬಿದ ತಂಬಿಗೆಯ ಪಕ್ಕ, ವೀಳ್ಯದೆಲೆ ಕಟ್ಟಿಟ್ಟಿದ್ದ ಒದ್ದೆ ಬಟ್ಟೆ ಇತ್ತು. ಎಲೆ ಎಂದ ಮೇಲೆ ಎಲೆಯ ಜೊತೆಗೇ ಇರಲಿ ಎಂದು ಅದರಲ್ಲೇ ಸುತ್ತಿಟ್ಟಿದ್ದರು, ಐದು ಸಿಗಾರು. ಸಾಹೇಬರು ಒಂದನ್ನು ತೆಗೆದು ಕಿವಿಗೆ ಹಿಡಿದರು. ಒತ್ತಿದರು. ಸದ್ದೇ ಇಲ್ಲ. ಅವರು ಕಣ್ಣು ಮುಚ್ಚಿಕೊಂಡು ಹಾಗೇ ಗೋಡೆಗೆ ಒರಗಿದರು. ನಾನೂ ಸೊಸೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

“ಏ ತಮ್ಮಾ! ಮೀಸಲ ಮುಟ್ಟಬ್ಯಾಡ ಅಂದ್ರ ತಿಳಿಯಲ್ಲೇನು?” ಆಯಿ ತಾಟಿನ ಮುಂದಿನಿಂದಲೇ ಕೂಗಿದರು.

“ಅವ್ವಾ, ಇದು ನಾಳಿಗಿ ನನಗ ಬೇಕವ್ವಾ.”

“ಮೀಸಲ ಮನಿ ಮಂದಿ ತಗೋಬಾರದು. ಪರವೂರಿನಿಂದ ಮೊದಲ ಬಂದವರಿಗಿ ಕೊಡಬೇಕು. ನಿಮ್ಮಪ್ಪ ಇದ್ದಾಗಿಂದ ಹಿಂಗೇ ಅದ. ಮರತೇನು?”

ಸಾಹೇಬರು ನನ್ನ ಕಡೆ ನೋಡಿದರು, ನಾನು ಅವರ ಕಡೆ. “ನಾಳಿಗಿ ಪರವೂರಿನವರು ಒಬ್ಬರು ಬರತಾರ ಅವ್ವಾ. ಭಾಳ ದೂರದಿಂದ” ಎಂದರು.

“ಬರಲಿ. ನನ್ನ ಕೈಲೆ ನಾನೇ ಕೊಡತೀನಿ. ಆಫೀಸಿಗಿ ಒಯ್ದು ಕೊಟ್ಟರ ನಡಿಯಲ್ಲ.”

ಹೀಗಾಗಿ ಬೆಳಿಗ್ಗೆ ವಾಡಿಯಲ್ಲಿ ಇಳಿದ ಖರೀದಿದಾರನನ್ನು ಸಾಹೇಬರು ಗೋದಾಮಿಗೆ ಒಯ್ಯದೆ ನೇರ ಮನೆಗೆ ಕರೆತಂದರು. ಬಿಸಿಲಿಗೆ ಮುಖ ಕೆಂಪಾಗಿದ್ದ ಎತ್ತರದ ಮನುಷ್ಯ. ಆಯಿಯ ಪಕ್ಕ ಕೂತು ಅವನ ಮಾತನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆದಿದ್ದರು. ಯಾವುದನ್ನು ಹೇಳಬಾರದೋ ಅದನ್ನು ಹೇಳದಿರಲು ಎಂದರೂ ಸರಿಯೇ. ಜೀವನಪೂರ್ತಿ ಇಂಗ್ಲಿಷ್ ಪಾಠ ಮಾಡಿದ ನನಗೆ ಅವನ ಇಂಗ್ಲಿಷು ಅರ್ಧಕ್ಕರ್ಧ ತಿಳಿಯಲಿಲ್ಲ, ಆ ವಿಷಯ ಬೇರೆ.

ಆಯಿ ಹಿತ್ತಾಳೆ ತಾಟಿನಲ್ಲಿ ಎರಡು ವೀಳ್ಯದೆಲೆ, ಅಡಿಕೆ, ಐದು ಸಿಗಾರು ಇಟ್ಟುಕೊಂಡು ಬಂದು ಅವನ ಮುಂದೆ ಹಿಡಿದರು. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಸಾಹೇಬರು ಅವನನ್ನು ಮಾಳಿಗೆಗೆ ಕರೆದೊಯ್ದರು, ಹಿಂದೆ ಆಯಿಯೂ ನಾನೂ ಹತ್ತಿದೆವು. ಒಣಗಿ ಸೀಳಿದ್ದನ್ನೆಲ್ಲ ರಾತ್ರಿಯೇ ಬಳಿದು ಚೀಲಕ್ಕೆ ತುಂಬಿದ್ದರು. ಫರ್ಸಿಯ ಮೇಲೆ ಕಂದು ಗೆರೆಗಳು ಮಾತ್ರ ಉಳಿದಿದ್ದವು. ಅವನು ಅವುಗಳ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತು ಸಿಗಾರು ಹಚ್ಚಿದ.

ಆಯಿ ಮೂಗಿಗೆ ಸೆರಗು ಹಿಡಿದು ನನ್ನ ಕಿವಿಯಲ್ಲಿ ಹೇಳಿದರು: “ಎಷ್ಟು ಚಂದ ಬಟ್ಟಿ ಹಾಕ್ಯಾನ, ಪಾಪ, ಚುಟ್ಟಾ ಸೇದತಾನಲ್ಲೇ. ಇವರವ್ವ ಏನೂ ಅನ್ನಲ್ಲೇನು?”

ನಾನು ತುಟಿ ಕಚ್ಚಿಕೊಂಡು ಕೂತೆ. ಅವನು ಎಳೆದ, ಹೊಗೆ ಬಿಟ್ಟ, ಬೂದಿ ನೋಡಿದ, ಮತ್ತೆ ಎಳೆದ. ಸಾಹೇಬರ ಕೈಬೆರಳು ಅಂಗಿಯ ಗುಂಡಿ ತಿರುವುತ್ತಿತ್ತು. ಬಹಳ ಹೊತ್ತಾದ ಮೇಲೆ ಅವನು, ಇದರಲ್ಲಿ ಒಂದು ಪರಿಮಳವಿದೆ, ಎಲ್ಲೂ ಸಿಕ್ಕಿಲ್ಲ, ಏನದು ಎಂದು ಕೇಳಿದ. ವೀಳ್ಯದೆಲೆ, ವಿಭೂತಿ, ಕರ್ಪೂರ ಎಂದು ನನಗೆ ಬಾಯಿಗೆ ಬಂದಿತ್ತು. ಸಾಹೇಬರು ಒಂದೇ ಮಾತಲ್ಲಿ, ಅದು ಈ ಮನೆಯದು ಎಂದರು. ಅವನು ತಲೆಯಾಡಿಸಿ, ನೆಲಮಾಳಿಗೆ ತೋರಿಸಿ ಎಂದ. ಮಧ್ಯಾಹ್ನದ ಹೊತ್ತಿಗೆ ಗೋದಾಮು ಉಳಿಯಿತು ಎಂದು ಸಾಹೇಬರ ಫೋನು ಬಂತು. ನಾನು ಫೋನಿಟ್ಟು ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಹೋಳಿಗೆ ಮಾಡಿದೆ. ಏನಾದರೂ ಮಾಡಲೇಬೇಕು ಅನ್ನಿಸಿತ್ತು.

ಆಮೇಲಿನದು ಇನ್ನೂ ಚೆಂದ. ಮರುವರ್ಷ ಆ ಖರೀದಿದಾರ, ಮಾಲು ಚೆನ್ನಾಗಿದೆ, ಆ ಪರಿಮಳ ಎಲ್ಲಿ ಎಂದು ಕೇಳಿದನಂತೆ. ಸಾಹೇಬರು ಗೋದಾಮಿನಲ್ಲಿ ವೀಳ್ಯದೆಲೆಯ ಕಟ್ಟು ಇಡಿಸಿ ನೋಡಿದರು, ಬರಲಿಲ್ಲ. ಇತ್ತ ಮನೆಯಲ್ಲಿ ಆಯಿ, ಬೇಸಿಗೆ ಬಂತಲ್ಲ, ಮಾಲು ಎಲ್ಲಿ, ಒಣಗಿಸಬೇಕು ಎಂದು ಕೇಳತೊಡಗಿದರು. ಹೊಗಳಿದವರು ಯಾರು? ಅನುಭವಿಸಬೇಕಲ್ಲ! ಸಾಹೇಬರು ಗೋದಾಮಿನಲ್ಲಿ ಬಿಸಾಡಲು ತೆಗೆದಿಟ್ಟ ಒಡಕು ಸಿಗಾರುಗಳನ್ನು ಆರಿಸಿ, ಅದೇ ಮರದ ಪೆಟ್ಟಿಗೆಗೆ ತುಂಬಿ, ಒದ್ದೆ ಸ್ಪಂಜು ಇಟ್ಟು ಮನೆಗೆ ತಂದರು. ಆಯಿ ಬೈದುಕೊಳ್ಳುತ್ತ ಮೀಸಲು ತೆಗೆದು ಉಳಿದದ್ದನ್ನು ಫರ್ಸಿಗೆ ಹರವಿದರು. ಅಲ್ಲಿಂದ ಪ್ರತಿ ಬೇಸಿಗೆಯೂ ಇದೇ. ಬಾಗಿಲ ಹಿಂದಿನ ಗಂಟು ಬಿಚ್ಚಿತು, ಬಟ್ಟೆಗಳು ಕಪಾಟು ಸೇರಿದವು. ಗಂಟಿನ ಅರಿವೆಯನ್ನು ಆಯಿ ಬಿಸಿಲ ಹೊತ್ತಿಗೆ ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು. ಓಣಿಯ ಹುಡುಗಿಯರಿಗೆ, “ನನ್ನ ಮಗನ ಕಂಪನಿ ನಡಿಯೋದು ನನ್ನ ಮಾಳಗಿ ಮ್ಯಾಲ” ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ವರ್ಷಗಳು ಹೋದವು. ಸಾಹೇಬರು ನಿವೃತ್ತರಾದರು, ಹಾರ ಶಾಲು ಎಲ್ಲ ಆಯಿತು. ನನಗಾಗಲೇ ನಿವೃತ್ತಿಯಾಗಿತ್ತು. ಮಾರ್ಚ್ ಕೊನೆಯಲ್ಲಿ ಒಂದು ದಿನ ನಮ್ಮ ಕಟ್ಟೆಗೆ ಬಂದು ಮತ್ತೆ ಚಪ್ಪಲಿಯ ಉಂಗುಟ ತಿರುವುತ್ತ ಕೂತರು.

“ಟೀಚರ್, ಅವ್ವ ಮಾಲು ಕೇಳಾಕತ್ತಾಳ. ಕಂಪನಿ ಸಂಬಂಧ ಮುಗೀತು ಅಂದ್ರ ನನ್ನ ಕೆಲಸನೂ ಮುಗೀತು ಅಂತ ಹೊಂಟು ನಿಂತಾಳೇನೋ ಅಂತ ಹೆದರಕಿ. ಈಗ ಕಣ್ಣೂ ಪೂರ್ತಿ ಕಾಣಲ್ಲ.”

“ಇಷ್ಟು ವರ್ಷ ಆದ ಮ್ಯಾಲ ಎಲ್ಲಿಗಿ ಹೋಗತಾರ್ರಿ?” ಎಂದೆ. ಹೇಳಿದೆ ಅಷ್ಟೇ, ನನಗೂ ಧೈರ್ಯವಿರಲಿಲ್ಲ. ಆಯಿಯ ಹಟ ನೋಡಿದ್ದೆ.

ಕೊನೆಗೆ ಸಾಹೇಬರು ಸೇಡಂ ಸಂತೆಗೆ ಹೋಗಿ, ತೆಲುಗಿನವರು ಮಾರುವ ಅಗ್ಗದ ನಾಟಿ ಸಿಗಾರು, ಚುಟ್ಟಾದ ಕಟ್ಟುಗಳನ್ನು ಕೊಂಡು ತಂದರು. ಒಂದು ವಿಭಾಗವನ್ನೇ ನಡೆಸಿದ ಮನುಷ್ಯ, ಕಳ್ಳನಂತೆ ಹಿತ್ತಲ ಬಾಗಿಲಿಂದ ಒಳಗೆ ಹೋಗಿ ಪೆಟ್ಟಿಗೆಗೆ ತುಂಬಿ ಸ್ಪಂಜು ಇಟ್ಟರು. ಮಾಳಿಗೆಯ ಮೇಲೆ ಅವ್ವನ ಮುಂದೆ ಪೆಟ್ಟಿಗೆ ಇಟ್ಟಾಗ ನಾನು ಗೋಡೆಯ ಈಚೆ ಬಟ್ಟೆ ಒಣ ಹಾಕುವ ನೆಪದಲ್ಲಿ ನಿಂತಿದ್ದೆ.

ಆಯಿ ಪೆಟ್ಟಿಗೆಯೊಳಗೆ ಕೈ ಹಾಕಿ ಒಂದನ್ನು ತೆಗೆದರು. ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಒತ್ತಿದರು. ಥೇಟ್ ಮಗನ ಹಾಗೆಯೇ. ಎಲ್ಲಿ ಕಲಿತರೋ! ಮೂಸಿ ನೋಡಿದರು. ಮತ್ತೆ ಪೆಟ್ಟಿಗೆಗೆ ಹಾಕಿದರು.

“ತಮ್ಮಾ, ಇದು ಸೇಡಂ ಸಂತ್ಯಾಗಿನ ಚುಟ್ಟಾ. ನಿಮ್ಮಪ್ಪ ಸೇದತಿದ್ದ.”

ಸಾಹೇಬರು ಕೆಮ್ಮಿದರು. ನಾನು ಒದ್ದೆ ಸೀರೆಯ ಹಿಂದೆ ಮುಖ ಮುಚ್ಚಿಕೊಂಡೆ.

“ಇಷ್ಟು ದಿನ ತಂದಿದ್ದೂ ಒಡಕ ಮಾಲು. ಕೈಗಿ ಹತ್ತಲ್ಲೇನು ನನಗ? ಬಿಸಾಡೋದು ತರತಿದ್ದಿ.”

“ಗೊತ್ತಿದ್ದೂ ಯಾಕ ಒಣಗಿಸತಿದ್ದಿ ಅವ್ವಾ?”

“ನೀ ತರತಿದ್ದಿಯಲ್ಲ, ಅದಕ್ಕ. ಮಗ ಇಷ್ಟು ಪಾಡು ಪಡತಾನ, ಬಿಸಿಲಾಗ ಕುಂದ್ರಾಕ ನನಗೇನು ದಾಡಿ?”

ಆಯಿ ಕಾಗೆ ಓಡಿಸುವ ಕೋಲನ್ನು ಊರಿ ಎದ್ದರು, ಪೆಟ್ಟಿಗೆಯ ಮುಚ್ಚಳವನ್ನು ಪಾದದಿಂದ ಮುಚ್ಚಿದರು. ಎಲ್ಲಿ ಗಂಟಿನ ಮಾತು ತೆಗೆಯುತ್ತಾರೋ ಎಂದು ನಾನು ಗೋಡೆಗೆ ಇನ್ನಷ್ಟು ಹತ್ತಿರ ಸರಿದೆ.

“ನಿಂದೂ ಮುಗೀತು, ನಂದೂ ಮುಗೀತು. ಸೊಸಿಗಿ ಎರಡು ತಾಟ ಹಾಕಂತ ಹೇಳು ನಡಿ. ಇನ್ನ ಇಬ್ಬರೂ ಕುಂತು ಉಣ್ಣೋಣು.”

ಸಾಹೇಬರು ಅವ್ವನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಚ್ಚಲಲ್ಲಿ ಕೈ ತೊಳೆಯುವ ಸದ್ದು ಕೇಳಿಸಿತು, ಆಮೇಲೆ ರೊಟ್ಟಿ ಮುರಿಯುವ ಸದ್ದು.